ಕಾಳಿಗೆ ಮನೆ, ಜನಕ್ಕೆ ಪತ್ರಾ

ಮೇ ತಿಂಗಳು ಬಂತೆಂದರೆ ಬೇವಿನವಾಡಿಯಲ್ಲಿ ಮಧ್ಯಾಹ್ನ ಯಾರೂ ಯಾರ ಮನೆಗೂ ಹೋಗುವುದಿಲ್ಲ. ಹೋದರೆ ಕೂರಿಸುವುದಾದರೂ ಎಲ್ಲಿ? ಕರೆದವರ ತಲೆಯ ಮೇಲೂ ತಗಡು, ಬಂದವರ ತಲೆಯ ಮೇಲೂ ತಗಡು. ಆ ಕಡೆ ಈ ತಗಡಿಗೆ ಪತ್ರಾ ಎನ್ನುತ್ತಾರೆ. ಬಿಸಿಲೇರಿದಂತೆ ಪತ್ರಾ ಟಣ್ ಟಣ್ ಎಂದು ಸಿಡಿಯುತ್ತದೆ. ಕೆಳಗಿದ್ದ ಕೊಡದ ನೀರು ಕೈ ಸುಡುವಷ್ಟು ಬಿಸಿಯಾಗುತ್ತದೆ. ಜನ ಗೋಡೆಗೆ ಒರಗಿ, ಬಾಯಿ ಮುಚ್ಚಿಕೊಂಡು, ಹೊತ್ತು ಇಳಿಯುವುದನ್ನೇ ಕಾಯುತ್ತಾರೆ.

ಗಡಿಯಾಚೆ, ಮರಾಠಿ ಸೀಮೆಯ ಉಮರ್ಗಾ ತಾಲೂಕಿನ ಯೆಣೆಗೂರದಲ್ಲಿ ಬಸ್ಸಿಳಿದು ಒಳಗೆ ನಡೆದರೆ ಈ ಊರು. ಹೊಸದಾಗಿ ಬಂದವರಿಗೆ ಇಲ್ಲಿ ಒಂದು ಸೋಜಿಗ ಕಾಣುತ್ತದೆ. ಎಲ್ಲರ ಹಿತ್ತಿಲ ಕಡೆ ಒಂದೊಂದು ಗಟ್ಟಿಮುಟ್ಟಾದ ಸ್ಲ್ಯಾಬಿನ ಮನೆ ಇದೆ. ತೊಂಬತ್ತಮೂರರ ಭೂಕಂಪದ ಬಳಿಕ ಸರ್ಕಾರ ಕಟ್ಟಿಸಿಕೊಟ್ಟದ್ದು. ಅದಕ್ಕೆ ಬೀಗ. ಒಳಗೆ ಜೋಳ, ತೊಗರಿ, ಸೋಯಾಬೀನ್ ಚೀಲಗಳು ಹಾಯಾಗಿ ಮಲಗಿವೆ. ಮುಂದೆ ಪತ್ರಾದ ಶೆಡ್ಡು, ಅದರಲ್ಲಿ ಮನುಷ್ಯರು. ಕಾಳಿಗೆ ಮನೆ ಬಿಟ್ಟುಕೊಟ್ಟು ತಾವು ಅಂಗಳದಲ್ಲಿ ಬೇಯುವಷ್ಟು ದೊಡ್ಡ ಮನಸ್ಸಿನ ಜನ ಇವರು ಎಂದು ನಗಬೇಡಿ. ಸರುಬಾಯಿಯನ್ನು ಕೇಳಿದರೆ ನಗು ಅಲ್ಲೇ ನಿಲ್ಲುತ್ತದೆ.

ಸರುಬಾಯಿ ಆಗ ಹೊಸ ಬಾಣಂತಿತನ ಕಳೆದ ಹುಡುಗಿ. ಗಣಪತಿಯನ್ನು ನೀರಿಗೆ ಬಿಟ್ಟು ಬಂದು ಊರೆಲ್ಲ ಮಲಗಿತ್ತು. ಬೆಳಗಾಗುವ ಮೊದಲೇ ನೆಲ ನಡುಗಿತು. ಕಲ್ಲಿನ ಗೋಡೆ, ಅದರ ಮೇಲಿನ ಮಣ್ಣಿನ ಮಾಳಿಗೆ, ಎಲ್ಲ ಮಲಗಿದವರ ಮೇಲೆಯೇ ಕುಳಿತವು. ಅತ್ತೆ ಹೋದಳು. ಇನ್ನೂ ಮೊಲೆಹಾಲು ಬಿಡದ ಮಗಳು ಹೋದಳು. ಗಂಡ ಮಾಣಿಕಪ್ಪ, ಸರುಬಾಯಿ ಇಬ್ಬರೇ ಉಳಿದರು. ಆಮೇಲೆ ಹುಟ್ಟಿದವನು ಮಗ ಪಂಡಿತ. ಅಂದಿನಿಂದ ಈ ಮನೆಯಲ್ಲಿ ಸರುಬಾಯಿಯದು ಒಂದೇ ಕಾನೂನು: ತಲೆಯ ಮೇಲೆ ಹಗುರ ಇರಬೇಕು. ಪತ್ರಾ ಬಿದ್ದರೆ ಗಾಯವಾದೀತು, ಜೀವ ಹೋಗಲಾರದು. ಹಿಂದಿನ ಮನೆಯ ಬೀಗದ ಕೈ ಆಕೆಯ ಸೊಂಟ ಬಿಟ್ಟು ಇಳಿಯುವುದಿಲ್ಲ. ಜೋಳ ಬೇಕಾದಾಗ ಪಂಡಿತನನ್ನು ಒಳಗೆ ಕಳಿಸುತ್ತಾಳೆಯೇ ಹೊರತು ತಾನು ಹೊಸ್ತಿಲು ದಾಟುವುದಿಲ್ಲ. ಮಗ ಹೊರಗೆ ಬರುವ ತನಕ ಉಸಿರು ಬಿಗಿಹಿಡಿದು ನಿಂತಿರುತ್ತಾಳೆ.

ಪಂಡಿತನ ಹೆಂಡತಿ ಕಾಜಲ ನಿಲಂಗಾ ಕಡೆಯ ಹುಡುಗಿ. ಹೋದ ಬೇಸಿಗೆಯಲ್ಲಿ ಏಳು ತಿಂಗಳ ಬಸುರಿಯಾಗಿದ್ದಾಗ ಕೂಸು ಹೊಟ್ಟೆಯಲ್ಲೇ ಸುಮ್ಮನಾಯಿತು. ಯಾರದೋ ದೃಷ್ಟಿ ತಾಗಿತು ಎಂದು ಸರುಬಾಯಿ ನಿವಾಳಿಸಿ ಚೆಲ್ಲಿದಳು. ಕಾಜಲ ಅತ್ತದ್ದು ಯಾರಿಗೂ ಕೇಳಿಸಲಿಲ್ಲ, ಸೆರಗು ಬಾಯಿಗೆ ತುರುಕಿಕೊಂಡಿದ್ದಳು. ಈ ಬೇಸಿಗೆಗೆ ಮತ್ತೆ ಹೊಟ್ಟೆ ತುಂಬಿದೆ. ಮತ್ತೆ ಅದೇ ಪತ್ರಾ, ಅದೇ ಒಲೆ, ಅದೇ ಮೇ ತಿಂಗಳು.

ಒಂದು ಮುಂಜಾನೆ ಊರಿನ ಆಶಾ ಕಾರ್ಯಕರ್ತೆ ವೈಷ್ಣವಿ ಬಂದಳು. ಹಿರಿಯ ಹೆಂಗಸರನ್ನೆಲ್ಲ ಅವಳು ಮಾವಶಿ, ಎಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಾಳೆ.

"ಮಾವಶಿ, ಪಂಚಾಯತಿ ಆಫೀಸದಾಗ ತಂಪು ಖೋಲಿ ಮಾಡ್ಯಾರ. ಪಂಖಾ ಅದ, ಕುಡಿಲಾಕ ತಣ್ಣನ ನೀರ ಅದ. ಮಧ್ಯಾಹ್ನ ಕಾಜಲಗ ಅಲ್ಲಿ ಕಳಸ್ರಿ."

"ಅಲ್ಲಿ ಗಂಡಸರು ಬೀಡಿ ಸೇದಕೋತ ಕೂಡ್ತಾರ."

"ಹೆಣ್ಣಮಕ್ಕಳಿಗೆ ಬ್ಯಾರೆ ಖೋಲಿ ಅದ."

"ಮನ್ಯಾಗ ಕೆಲಸ ಯಾರ ಮಾಡ್ತಾರ?"

"ಮುಂಜಾನಿ ಮಾಡ್ರಿ, ಸಂಜಿಗಿ ಮಾಡ್ರಿ. ಮಾವಶಿ, ಬಸುರಿ ಮೈ ಮದಲೇ ಬಿಸಿ ಇರ್ತದ. ದಿನಾ ಇಂಥಾ ಝಳದಾಗ ಕುಂತ್ರ ಒಳಗಿನ ಕೂಸಿಗೂ ತ್ರಾಸ ಆಗ್ತದ. ಹ್ವಾದ ವರ್ಷದ್ದು ಇದರಿಂದೇ ಆತು ಅಂತ ನಾ ಹೇಳಂಗಿಲ್ಲ. ಆದ್ರ ಈ ವರ್ಷ ಗೊತ್ತಿದ್ದೂ ಯಾಕ ಬಿಡಬೇಕು?"

ಸರುಬಾಯಿ ಮೂಗು ಮುರಿದಳು. "ನಮ್ಮವ್ವ ಬಿಸಲಾಗೇ ಹಡದಾಳ."

"ಆಗಿನ ಬಿಸಲು ಬ್ಯಾರೆ ಇತ್ತು, ಈಗಿಂದು ಬ್ಯಾರೆ ಅದ. ರಾತ್ರಿ ಕೂಡ ತಂಪಾಗಂಗಿಲ್ಲ ಈಗ. ನೀವೇ ಹೇಳ್ರಿ, ಮದಲ ಹಿಂಗ ಇತ್ತೇನು?"

ಸರುಬಾಯಿ ಮೊರ ಎತ್ತಿಕೊಂಡು ಜೋಳ ಕೇರತೊಡಗಿದಳು. ನಿಜವಾದ ಕಾರಣವನ್ನು ಆಕೆ ಹೇಳಲಿಲ್ಲ. ಪಂಚಾಯತಿ ಆಫೀಸಿನದೂ ಸ್ಲ್ಯಾಬು. ಊರಿನ ಯಾವ ಹೆಂಗಸೂ ಅಲ್ಲಿಗೆ ಹೋಗದಿರುವುದು ಅದಕ್ಕೇ. ಆದರೆ ಭೂಕಂಪದ ಮಾತನ್ನು ಯಾರೂ ಎತ್ತುವುದಿಲ್ಲ. ಎತ್ತಿದರೆ ಒಬ್ಬೊಬ್ಬರ ಮನೆಯಲ್ಲೂ ಸತ್ತವರು ಎದ್ದು ಕೂರುತ್ತಾರೆ.

ತಂಪು ಖೋಲಿ ಎನ್ನುವ ಆ ಕೋಣೆ ತಾನಾಗಿ ಬಂದದ್ದಲ್ಲ. ಅದರ ಹಿಂದೆ ಶಾಸಕಿ ಶಿವಗಂಗಾಬಾಯಿಯ ನಾಲ್ಕಾರು ವರ್ಷದ ಜಗಳವಿತ್ತು. ಆ ಕಡೆ ಶಾಸಕರಿಗೆ ಆಮದಾರ ಎನ್ನುತ್ತಾರೆ. ಮರಾಠಿಯವರು ಅಕ್ಕ ಎಂಬ ಅರ್ಥದಲ್ಲಿ ಆಕೆಯನ್ನು ‘ತಾಈ’ ಎಂದರೆ, ಕನ್ನಡದವರಿಗೆ ಅದು ತಾಯಿ ಎಂದೇ ಕೇಳಿಸುತ್ತದೆ. ಹೀಗಾಗಿ ಅರವತ್ತು ದಾಟಿದ ಮುದುಕಿಯರಿಗೂ ಆಕೆ ತಾಯಿಯೇ. ಮುಂಬೈಯ ವಿಧಾನಸಭೆಯಲ್ಲಿ ಆಕೆ ಎದ್ದು ನಿಂತು, ಬಿಸಿಲಿಗೂ ಒಂದು ನೀತಿ ಬೇಕು ಎಂದಾಗ ಕೆಲವರು ಮುಸಿಮುಸಿ ನಕ್ಕಿದ್ದರು. ಬೇಸಿಗೆಯಲ್ಲಿ ಬಿಸಿಲು ಬೀಳದೆ ಮತ್ತೇನು ಬೀಳಬೇಕು ಎಂದು ಒಬ್ಬರು ಕೇಳಿದ್ದರು. ಆಕೆ ಬಿಡಲಿಲ್ಲ. ನಡುಮಧ್ಯಾಹ್ನ ಬಯಲಲ್ಲಿ ಕೂಲಿ ಕೆಲಸ ನಿಲ್ಲಿಸಬೇಕು, ಊರೂರಿಗೆ ತಂಪಾದ ಜಾಗ ಬೇಕು, ಬಿಸಿಲಿಗೆ ಸತ್ತವರನ್ನು ಬಿಸಿಲಿಗೆ ಸತ್ತರೆಂದೇ ಲೆಕ್ಕಕ್ಕೆ ಹಿಡಿಯಬೇಕು ಎಂದು ಬೆನ್ನು ಹತ್ತಿದಳು. ಕೊನೆಗೆ ಕೆಲವು ಊರುಗಳಿಗೆ ತಂಪು ಖೋಲಿ ಬಂತು. ಬಂದದ್ದನ್ನು ನೋಡಲು ಒಂದು ಮಧ್ಯಾಹ್ನ ಆಕೆಯೇ ಬೇವಿನವಾಡಿಗೆ ಬಂದಳು.

ಖೋಲಿಯಲ್ಲಿ ಪಂಖಾ ತಿರುಗುತ್ತಿತ್ತು. ಚಾಪೆ ಹಾಸಿತ್ತು. ಪಂಚಾಯತಿಯ ಜವಾನನೊಬ್ಬ ಗೊರಕೆ ಹೊಡೆಯುತ್ತಿದ್ದ. ಬೇರೆ ಒಂದು ನರಪಿಳ್ಳೆಯೂ ಇರಲಿಲ್ಲ. ಶಿವಗಂಗಾಬಾಯಿಯ ಮುಖ ಸಣ್ಣದಾಯಿತು. ಕಾರು ಹತ್ತದೆ, ವೈಷ್ಣವಿಯನ್ನು ಕರೆದುಕೊಂಡು ಹತ್ತಿರದ ಶೆಡ್ಡಿಗೆ ನಡೆದಳು. ಅದು ಸರುಬಾಯಿಯದು.

"ತಾಯಿ, ಇಷ್ಟ ಬಿಸಲಾಗ ಯಾಕ ಬಂದ್ರಿ?" ಸರುಬಾಯಿ ಗಡಬಡಿಸಿ ನೀರು ಕೊಟ್ಟಳು.

"ಬಿಸಲು ನೋಡ್ಲಾಕೇ ಬಂದೀನಿ ಅಕ್ಕಾ."

ಕೂತು ಸ್ವಲ್ಪ ಹೊತ್ತಾಗಿರಲಿಲ್ಲ, ಶಿವಗಂಗಾಬಾಯಿಗೆ ತಲೆ ತಿರುಗಿದಂತಾಯಿತು. ಮೂಲೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಕಾಜಲಳ ಹೊಟ್ಟೆಯನ್ನು ನೋಡಿದಳು, ಮೇಲಿನ ಪತ್ರಾವನ್ನು ನೋಡಿದಳು.

"ಹಿಂದಿನ ಮನ್ಯಾಗ ಯಾರ ಇರ್ತಾರ?"

"ಜೋಳ," ಎಂದ ಮಾಣಿಕಪ್ಪ. ಎಂದವನು ಹೆಂಡತಿಯ ಕಡೆ ನೋಡಿದ.

ಆಮದಾರ ಕೇಳಿದ ಮೇಲೆ ಇಲ್ಲ ಎನ್ನಲಾಗದೆ ಸರುಬಾಯಿ ಬೀಗ ತೆಗೆದಳು. ಶಿವಗಂಗಾಬಾಯಿ ಒಳಗೆ ಹೋಗಿ ಗೋಡೆಗೆ ಅಂಗೈ ಇಟ್ಟಳು. ತಣ್ಣಗಿತ್ತು. ಹೊರಗಿನ ಬೆಂಕಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಸರುಬಾಯಿ ಹೊಸ್ತಿಲಾಚೆ ನಿಂತೇ ಇದ್ದಳು. ಮನೆ ಬೀಳದಂತೆ ತಡೆಯುವವಳ ಹಾಗೆ ಒಂದು ಕೈ ಬಾಗಿಲ ಚೌಕಟ್ಟಿಗೆ ಕೊಟ್ಟಿದ್ದಳು.

"ತಾಯಿ, ಹೊರಗ ಬರ್ರಿ. ಭಾಳ ಹೊತ್ತು ಬ್ಯಾಡ."

ಶಿವಗಂಗಾಬಾಯಿ ಆಕೆಯ ಕೈ ನೋಡಿದಳು. ಆಮೇಲೆ ತಲೆಯೆತ್ತಿ ಸ್ಲ್ಯಾಬು ನೋಡಿದಳು. ಏನೋ ಹೊಳೆದಂತೆ ತಾನೂ ಸರಸರ ಹೊರಗೆ ಬಂದುಬಿಟ್ಟಳು. ಬಂದು, ಗೋಡೆಯ ನೆರಳಲ್ಲಿ ನೆಲದ ಮೇಲೆಯೇ ಕೂತಳು.

"ನಾನೂ ಮಾಕಣಿ ಕಡೆದಾಕಿ ಅಕ್ಕಾ. ಆ ಮುಂಜಾನಿ ನಮ್ಮ ತಮ್ಮಗ ಕೈಲೇ ಮಣ್ಣ ಸರಿಸಿ ಹೊರಗ ತೆಗದೀವಿ. ಜೀವ ಇರಲಿಲ್ಲ. ಮುಂಬೈದಾಗ ನನಗ ಮ್ಯಾಲಿನ ಮಜಲಾದಾಗ ಖೋಲಿ ಕೊಟ್ಟಾರ. ಇವತ್ತಿಗೂ ಬಾಗಲಕ್ಕ ಚಿಲಕ ಹಾಕಂಗಿಲ್ಲ ನಾ."

ಸರುಬಾಯಿ ಆಕೆಯ ಪಕ್ಕದಲ್ಲೇ ನೆಲದ ಮೇಲೆ ಕೂತಳು. ಆಮೇಲೆ ಕೇಳಿದಳು: "ಹಂಗಿದ್ರ ನಮಗ ಯಾಕ ಸ್ಲ್ಯಾಬಿನ ಕೆಳಗ ಕೂಡ್ರಿ ಅಂತೀರಿ?"

"ಕಾಗದದ ಮ್ಯಾಲ ಬರಿಯುವಾಗ ನನ್ನ ಅಂಜಿಕಿ ನಾನೇ ಮುಚ್ಚಿಟ್ಟೀನಿ. ಆಮದಾರ ಆದಾಕಿ ಅಂಜತಾಳ ಅಂದ್ರ ಮಂದಿ ನಗ್ತಾರಂತ. ತಪ್ಪು ಅಲ್ಲೇ ಆತು." ಆಕೆ ಮುಖ ಒರೆಸಿಕೊಂಡಳು. "ಆದ್ರ ಒಂದು ಮಾತು ಕೇಳು. ಭೂಮಿ ಯಾವಾಗ ಅಲಗ್ತದೋ ಯಾರಿಗೂ ಗೊತ್ತಿಲ್ಲ. ಬಿಸಲು ಹಂಗಲ್ಲ. ನಾಳಿ ಬರ್ತದ, ನಾಡದೂ ಬರ್ತದ, ಹೇಳೇ ಬರ್ತದ. ನಾ ಇಂಜಿನಿಯರಗ ಕಳಸ್ತೀನಿ. ಮನಿ ಗಟ್ಟಿ ಇಲ್ಲ ಅಂದ್ರ ನಾನೇ ಬಂದು ಬೀಗ ಹಾಕ್ತೀನಿ."

ಇಂಜಿನಿಯರ್ ಆ ವಾರದಲ್ಲೇ ಬಂದ. ಮೂಲೆ ಮೂಲೆ ಬಡಿದು ನೋಡಿದ, ಬಿರುಕು ಹುಡುಕಿದ. ಮನೆ ಗಟ್ಟಿ ಇದೆ, ನಡುಕ ತಡೆಯುವಂತೆಯೇ ಕಟ್ಟಿದ್ದಾರೆ, ಮೇಲೆ ಸುಣ್ಣ ಬಳಿದು ಕಿಟಕಿ ತೆರೆದಿಟ್ಟರೆ ಇನ್ನೂ ತಂಪಾಗುತ್ತದೆ ಎಂದ. ಮಾಣಿಕಪ್ಪನ ಮುಖ ಅರಳಿತು. ಸರುಬಾಯಿ ಮಾತ್ರ ಬೀಗದ ಕೈಯನ್ನು ಸೊಂಟಕ್ಕೆ ಇನ್ನೊಂದು ಗಂಟು ಬಿಗಿದು ಕಟ್ಟಿದಳು.

"ಹಳೀ ಮನೀನೂ ಗಟ್ಟಿ ಅದ ಅಂತಿದ್ದರು," ಎಂದಳು.

"ಸರು, ಆ ಮನಿ ಬ್ಯಾರೆ, ಈ ಮನಿ ಬ್ಯಾರೆ. ನನಗ ಮಧ್ಯಾಹ್ನ ಎದಿ ಹಾರ್ತದ. ನಾ ಒಬ್ಬಾಂವಾರೇ ಒಳಗ ಮಲಕೋತೀನಿ," ಎಂದ ಮಾಣಿಕಪ್ಪ.

"ನಾ ಸತ್ತ ಮ್ಯಾಲ ಮಲಕೋ."

ಮಾಣಿಕಪ್ಪ ಜಗಳಗಂಟ ಅಲ್ಲ. ಮಗಳನ್ನು ಹೂತ ಬಳಿಕ ಹೆಂಡತಿ ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದಳೆಂದು ಅವನಿಗಿಂತ ಹೆಚ್ಚು ಯಾರಿಗೆ ಗೊತ್ತು? ಅವನು ಆ ಮಾತನ್ನು ಅಲ್ಲಿಗೇ ಬಿಟ್ಟ. ಈ ಮನೆಯಲ್ಲಿ ಅದೊಂದು ಸಲ ಅವನು ಜಗಳವಾಡಿದ್ದರೆ ಚೆನ್ನಾಗಿತ್ತು.

ಮುಂದಿನ ವಾರ ಕಾಜಲಳನ್ನು ತಪಾಸಣೆಗೆಂದು ಸರುಬಾಯಿ ಬಸ್ಸಿನಲ್ಲಿ ಉಮರ್ಗಾಕ್ಕೆ ಕರೆದೊಯ್ದಳು. ಪಂಡಿತ ಮುಂಜಾನೆಯೇ ಕೆಲಸಕ್ಕೆ ಹೋಗಿದ್ದ. ಮಾಣಿಕಪ್ಪ ಹೊಲದಲ್ಲಿ ತೊಗರಿ ಕೂಳೆ ಕಿತ್ತು ನಡುಮಧ್ಯಾಹ್ನಕ್ಕೆ ಮನೆಗೆ ಬಂದ. ನೆರೆಮನೆಯ ಶೇವಂತಾಬಾಯಿ ಆಮೇಲೆ ಹೇಳಿದ್ದು ಇಷ್ಟು: ಬಂದವನು ನೇರ ಹಿಂದಿನ ಮನೆಗೆ ಹೋದ. ಬೀಗ ಹಿಡಿದು ಜಗ್ಗಿ ನೋಡಿದ. ಅಲ್ಲೇ ಗೋಡೆಯ ನೆರಳಿನಲ್ಲಿ ಕೂತ. ನೆರಳು ಸರಿದು ಸರಿದು ಕಾಲ ಹತ್ತಿರ ಬಂದಾಗ ಎದ್ದು, ತೂರಾಡುತ್ತ ಪತ್ರಾದ ಕೆಳಗೆ ಹೋಗಿ ಬಿದ್ದುಕೊಂಡ.

ಸರುಬಾಯಿ, ಕಾಜಲ ಬಸ್ಸಿಳಿದು ಬರುವಷ್ಟರಲ್ಲಿ ಅಂಗಳದಲ್ಲಿ ಜನ ನೆರೆದಿದ್ದರು. ಮಾಣಿಕಪ್ಪನ ಮೈ ಕಾದ ಹಂಚು. ಒಂದು ಹನಿ ಬೆವರಿಲ್ಲ. ಸತ್ತ ತಾಯಿಯನ್ನು ಕರೆಯುತ್ತ ಏನೇನೋ ಬಡಬಡಿಸುತ್ತಿದ್ದ. ಚಳಿಜ್ವರವೆಂದು ತಿಳಿದು ಶೇವಂತಾಬಾಯಿ ಕೌದಿ ಹೊದಿಸಿದ್ದಳು. ಪಾಪ, ಒಳ್ಳೆಯದಕ್ಕೇ ಮಾಡಿದ್ದಳು.

ಓಡಿ ಬಂದ ವೈಷ್ಣವಿ ಮೊದಲು ಕೌದಿ ಕಿತ್ತೆಸೆದಳು. "ಇದು ಜ್ವರ ಅಲ್ಲ, ಝಳ ಬಡದದ. ಬಾಯಾಗ ನೀರ ಹಾಕಬ್ಯಾಡ್ರಿ, ಪೂರಾ ಎಚ್ಚರ ಇಲ್ಲ, ಉಸರಿಗೆ ಹತ್ತತದ. ಮೈ ಮ್ಯಾಲ ಹಾಕ್ರಿ. ಕಾಜಲ, ನೂರಾ ಎಂಟಕ್ಕ ಫೋನ್ ಮಾಡು. ಎಲ್ಲಿ ತಂಪದ? ಮದಲ ಇಲ್ಲಿಂದ ಎತ್ತರಿ."

ಎಲ್ಲಿ ತಂಪಿದೆ ಎಂದು ಸರುಬಾಯಿಗೆ ಗೊತ್ತಿತ್ತು. ಕೈ ಸೊಂಟಕ್ಕೆ ಹೋಯಿತು. ತಾನೇ ಬಿಗಿದ ಗಂಟು ಬಿಚ್ಚಲಿಲ್ಲ. ಸೆರಗು ಹರಿದು ಬೀಗದ ಕೈ ತೆಗೆದಳು. ನಾಲ್ಕು ಜನ ಮಾಣಿಕಪ್ಪನನ್ನು ಹೊತ್ತು ಹಿಂದಿನ ಮನೆಯಲ್ಲಿ, ಚೀಲಗಳ ನಡುವೆ ಮಲಗಿಸಿದರು. ಒದ್ದೆ ಸೀರೆ ಹೊದಿಸಿದರು, ಕತ್ತಿಗೆ, ಕಂಕುಳಿಗೆ ತಣ್ಣೀರಿನ ಬಟ್ಟೆ ಇಟ್ಟರು, ಮೊರದಿಂದ ಗಾಳಿ ಬೀಸಿದರು. ಮೈ ನಿಧಾನಕ್ಕೆ ತಣಿಯಿತು. ಸರುಬಾಯಿಗೆ ಆಸೆ ಮೂಡಿತು. ಆದರೆ ಆ ತಣಿಯುವಿಕೆ ನಿಲ್ಲಲೇ ಇಲ್ಲ. ಆಂಬುಲೆನ್ಸ್ ಬೇರೊಂದು ಊರಿನಿಂದ ಬರಬೇಕಿತ್ತು. ಅದು ಅಂಗಳ ಮುಟ್ಟುವ ಹೊತ್ತಿಗೆ ಮಾಣಿಕಪ್ಪನ ಉಸಿರು ನಿಂತಿತ್ತು.

ಹೆಂಗಸರು ತೋಳು ಹಿಡಿದು ಎಬ್ಬಿಸಿದಾಗಲೇ ಸರುಬಾಯಿಗೆ ತಿಳಿದದ್ದು, ತಾನು ಇಷ್ಟು ಹೊತ್ತು ಸ್ಲ್ಯಾಬಿನ ಕೆಳಗೇ ಕೂತಿದ್ದೇನೆ ಎಂದು.

ಮಣ್ಣಿಗೆ ಬಂದ ನೆಂಟರೆಲ್ಲ, ವಯಸ್ಸಾಗಿತ್ತು, ಪುಣ್ಯವಂತ, ನರಳದೆ ಹೋದ ಎಂದು ಸಮಾಧಾನ ಹೇಳಿದರು. ಸರುಬಾಯಿ ಆ ಸಮಾಧಾನವನ್ನು ಒಪ್ಪಲಿಲ್ಲ. ಅದೇ ದಿನ ಸಂಜೆ ಪಂಡಿತನ ಜೊತೆ ಸೇರಿ ಜೋಳದ ಚೀಲಗಳನ್ನು ಎಳೆದೆಳೆದು ಶೆಡ್ಡಿಗೆ ಹಾಕಿದಳು. ಹಿಂದಿನ ಮನೆ ಗುಡಿಸಿ, ಕಿಟಕಿ ತೆರೆದು, ಚಾಪೆ ಹಾಸಿ ಕಾಜಲಳನ್ನು ಕರೆದಳು.

"ಅತ್ತಿ, ನಿಮಗ ಅಂಜಿಕಿ ಆಗಂಗಿಲ್ಲ?" ಕಾಜಲ ಬಾಗಿಲಲ್ಲೇ ನಿಂತು ಕೇಳಿದಳು.

"ಆಗ್ತದ. ಭಾಳ ಆಗ್ತದ. ನೀ ಒಳಗ ಬಾ."

ಸುದ್ದಿ ತಿಳಿದು ಶಿವಗಂಗಾಬಾಯಿ ಬಂದಳು.

"ಸಾವಿನ ಚೀಟಿ ಮ್ಯಾಲ ವಯಸ್ಸಾಗಿ ಸತ್ತ ಅಂತ ಬರೀಲಾಕ ಹತ್ಯಾರ ತಾಯಿ," ಎಂದಳು ಸರುಬಾಯಿ. "ಬಿಸಲಿಗೆ ಸತ್ತ ಅಂತ ಬರಸ್ರಿ. ನಿಮ್ಮ ಸಭಾದಾಗ ಅಂವನ ಹೆಸರು ತಗೊಂಡೇ ಹೇಳ್ರಿ. ಬೀಗ ನಾ ಹಾಕಿದ್ದೆ ಅಂತನೂ ಹೇಳ್ರಿ. ನನ್ನಂಗ ಬೀಗ ಹಾಕಿದವರು ಇನ್ನೂ ಭಾಳ ಮಂದಿ ಅದಾರ."

"ತಪ್ಪು ನಿಂದೊಬ್ಬಾಕಿದೇ ಅಲ್ಲ ಅಕ್ಕಾ."

"ಅದು ನನಗ ಗೊತ್ತದ. ಅಷ್ಟಕ್ಕ ಅಂವಾ ಬರಂಗಿಲ್ಲ."

ಶಿವಗಂಗಾಬಾಯಿ ವಿಧಾನಸಭೆಯಲ್ಲಿ ಮಾಣಿಕಪ್ಪನ ಹೆಸರು ಹೇಳಿದಳು. ತಾನು ಚಿಲಕ ಹಾಕದ ಬಾಗಿಲಿನ ಮಾತನ್ನೂ ಆಡಿದಳು. ಆ ದಿನ ಯಾರೂ ನಗಲಿಲ್ಲ. ಊರಿಗೊಂದು ತಂಪು ಖೋಲಿ ಸಾಲದು, ಭೂಕಂಪದ ಮನೆಗಳನ್ನೆಲ್ಲ ಇಂಜಿನಿಯರ್ ಬಂದು ಪರೀಕ್ಷಿಸಬೇಕು, ಮೇಲೆ ಬಳಿಯಲು ಸುಣ್ಣ ಕೊಡಬೇಕು, ಜನರ ಹೆದರಿಕೆಯನ್ನು ಮೊದಲು ಕೇಳಿಸಿಕೊಳ್ಳಬೇಕು ಎಂದು ತನ್ನ ಯೋಜನೆಯನ್ನು ತಾನೇ ತಿದ್ದಿದಳು. ಕೆಲವು ಊರುಗಳಿಗೆ ಸುಣ್ಣ ಬಂತು. ಕೆಲವಕ್ಕೆ ಇನ್ನೂ ಬಂದಿಲ್ಲ. ಸರ್ಕಾರದ ಕೆಲಸ ಬಿಸಿಲಿನಷ್ಟು ಬೇಗ ಏರುವುದಿಲ್ಲ.

ಮೊದಲ ಮಳೆಯ ಬಳಿಕ ಉಮರ್ಗಾದ ಆಸ್ಪತ್ರೆಯಲ್ಲಿ ಕಾಜಲ ಹೆಣ್ಣು ಕೂಸು ಹೆತ್ತಳು. ಕೂಸು ತೂಕದಲ್ಲಿ ಸ್ವಲ್ಪ ಕಡಿಮೆ, ಆದರೆ ಅಳು ಮಾತ್ರ ವಾರ್ಡಿಗೆಲ್ಲ ಕೇಳಿಸಿತು. ಸರುಬಾಯಿ ಮೊಮ್ಮಗಳನ್ನು ಎತ್ತಿಕೊಂಡು ನಗಲು ಹೋಗಿ ಅತ್ತಳು. ತೋರಿಸಬೇಕಾದವನು ಇರಲಿಲ್ಲ.

ಈಗ ಬೇವಿನವಾಡಿಯ ಮಹಿಳಾ ಬಚತ್ ಗಟದ, ಎಂದರೆ ಉಳಿತಾಯ ಗುಂಪಿನ, ಸಭೆ ನಡೆದಾಗಲೆಲ್ಲ ಸರುಬಾಯಿ ಎದ್ದು ನಿಲ್ಲುತ್ತಾಳೆ. ಸಭೆಯಲ್ಲಿ ಮಾತಾಡಿ ಗೊತ್ತಿಲ್ಲದ ಹೆಂಗಸು, ಇಷ್ಟೇ ಹೇಳುತ್ತಾಳೆ: "ಭೂಕಂಪದಾಗ ನನ್ನ ಮಗಳು ಹೋದಳು. ಅದು ನನ್ನ ಕೈಯಾಗ ಇರಲಿಲ್ಲ. ನನ್ನ ಗಂಡ ಹ್ವಾದ. ಅದು ನನ್ನ ಕೈಯಾಗ ಇತ್ತು."

ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮಗೂ ಹೆದರಿಕೆ ಇದ್ದರೆ ನಾಚಿಕೆಪಡಬೇಡಿ. ಬಾಯಿ ಬಿಟ್ಟು ಹೇಳಿ. ನಿಮ್ಮ ಪಂಚಾಯತಿಗೆ ಹೇಳಿ, ಓಟು ಕೇಳಲು ಬಂದವರನ್ನು ನಿಲ್ಲಿಸಿ ಹೇಳಿ. ಸ್ಲ್ಯಾಬಿನ ಮನೆ ಗಟ್ಟಿ ಇದೆಯೋ ಇಲ್ಲವೋ ತಿಳಿದವರಿಗೆ ತೋರಿಸಿ. ಗಟ್ಟಿ ಇದ್ದರೆ ಮೇಲೆ ಸುಣ್ಣ ಬಳಿದು, ಕಿಟಕಿ ತೆರೆದು, ಮಧ್ಯಾಹ್ನ ಅಲ್ಲೇ ಇರಿ. ಪತ್ರಾದ ಮನೆಯೊಂದೇ ಇದ್ದರೆ ಅದರ ಮೇಲೂ ಸುಣ್ಣ ಬಳಿಯಿರಿ, ಬಿಸಿಲೇರಿದಾಗ ಮರದ ನೆರಳಿಗೋ ಊರಿನ ತಂಪು ಖೋಲಿಗೋ ಹೋಗಿ. ನೀರಡಿಕೆ ಆಗುವ ಮೊದಲೇ ನೀರು, ಮಜ್ಜಿಗೆ ಕುಡಿಯಿರಿ. ಯಾರಾದರೂ ಬಿಸಿಲಲ್ಲಿ ಬಡಬಡಿಸತೊಡಗಿದರೆ, ಮೈ ಕಾದು ಬೆವರು ನಿಂತರೆ, ಹೊದಿಸಬೇಡಿ. ತಂಪಿಗೆ ಒಯ್ಯಿರಿ, ಮೈ ತೋಯಿಸಿ ಗಾಳಿ ಬೀಸಿ, ತಡಮಾಡದೆ ೧೦೮ಕ್ಕೆ ಕರೆ ಮಾಡಿ.

ನಾಳೆಗೆಂದು ಇಡಬೇಡಿ. ಇಂದು ಮಧ್ಯಾಹ್ನವೇ ನಿಮ್ಮ ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಜಾಗ ಯಾವುದೆಂದು ಹುಡುಕಿ. ಅಲ್ಲಿ ಏನಿದೆ ನೋಡಿ. ಅದನ್ನು ಹೊರಗಿಟ್ಟು, ಮನೆಯ ಮುದುಕರನ್ನೂ ಬಸುರಿಯನ್ನೂ ಕೂಸನ್ನೂ ಒಳಗೆ ಕರೆಯಿರಿ.